ವಯೋಲಾ ಸಾಲಿನ ನಾಲ್ಕನೆಯ ಕುರ್ಚಿ

ವಿಶ್ವವಿದ್ಯಾಲಯದ ಸಿಂಫನಿ ಆರ್ಕೆಸ್ಟ್ರಾಕ್ಕೆ ಹೊರಗಿನ ವಾದಕರನ್ನೂ ಸೇರಿಸಿಕೊಳ್ಳುತ್ತಾರೆ ಎಂಬ ನಾಲ್ಕು ಸಾಲಿನ ಪ್ರಕಟಣೆ ಒಂದು ಸಂಜೆ ನನ್ನ ಮೇಜಿಗೆ ಬಂತು. ಕುವೈತಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕಿ. ಪ್ರಕಟಣೆಯಲ್ಲಿದ್ದ 'ಸುವರ್ಣಾವಕಾಶ' ಎಂಬ ಪದ ತೆಗೆದೆ, ದಿನಾಂಕ ಸರಿಯೇ ಎಂದು ಫೋನ್ ಮಾಡಿ ಕೇಳಿದೆ. ಫೋನ್ ಇಡುವ ಮೊದಲು, ವಯಸ್ಸಿನ ಮಿತಿ ಇದೆಯೇ ಎಂದೂ ಕೇಳಿದೆ. ಇಲ್ಲವೆಂದರು. ಅದನ್ನು ಸುದ್ದಿಗೆ ಸೇರಿಸಿ ಪುಟಕ್ಕೆ ಕಳುಹಿಸಿದೆ. ನನಗೆ ಆಗ ನಲವತ್ತಾರು ವರ್ಷ.

ನಾನು ವಯೊಲಿನ್ ಕಲಿತದ್ದು ಮಂಗಳೂರಿನ ಹತ್ತಿರದ ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ. ಕೊಂಕಣಿ ಕೀರ್ತನೆಗಳ ಪುಸ್ತಕ ಕನ್ನಡ ಲಿಪಿಯಲ್ಲಿತ್ತು. ಸ್ವರಗಳೂ ದೊ, ರೆ, ಮಿ, ಫಾ ಎಂದು ಕನ್ನಡ ಅಕ್ಷರಗಳಲ್ಲೇ ಇದ್ದವು. ಐದು ಗೆರೆಗಳ ಮೇಲೆ ಕಪ್ಪು ಚುಕ್ಕೆಗಳನ್ನು ಓದುವುದನ್ನು ಆಮೇಲೆ ಕಲಿತೆ, ಆದರೆ ಕಷ್ಟದ ಜಾಗ ಬಂದರೆ ಈಗಲೂ ಚುಕ್ಕೆಯ ಕೆಳಗೆ ಕನ್ನಡದಲ್ಲಿ ಸ್ವರದ ಹೆಸರು ಬರೆದುಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಕುವೈತಿಗೆ ಬಂದ ಮೇಲೂ ಇಲ್ಲಿನ ಚರ್ಚಿನಲ್ಲಿ ಶುಕ್ರವಾರದ ಪೂಜೆಗೆ ನುಡಿಸುತ್ತಿದ್ದೆ. ಇಲ್ಲಿ ರಜೆ ಶುಕ್ರವಾರ, ಹಾಗಾಗಿ ನಮ್ಮ ಭಾನುವಾರವೂ ಶುಕ್ರವಾರವೇ.

ಆರ್ಕೆಸ್ಟ್ರಾದ ನಿರ್ದೇಶಕರು ಈಜಿಪ್ಟಿನ ಪ್ರೊಫೆಸರ್. ಕೈರೋದಲ್ಲಿ ಕಲಿತವರು, ಎತ್ತರದ ಆಸಾಮಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡವರು. ನನ್ನ ವಯೊಲಿನ್ನನ್ನು ಎರಡು ನಿಮಿಷ ಕೇಳಿ ಕೈ ಎತ್ತಿದರು.

"ಶ್ರುತಿ ಒಳ್ಳೆಯದಿದೆ. ಆದರೆ ವಯೊಲಿನ್ ನನ್ನಲ್ಲಿ ಹದಿನಾಲ್ಕು ಇವೆ. ವಯೋಲಾ ಮೂರೇ," ಎಂದರು ಇಂಗ್ಲಿಷಿನಲ್ಲಿ. ಕಪಾಟು ತೆರೆದು ಒಂದು ಪೆಟ್ಟಿಗೆ ತೆಗೆದರು. "ಇದನ್ನು ನುಡಿಸುವಿರಾ?"

"ಯಾವತ್ತೂ ಮುಟ್ಟಿಲ್ಲ."

"ಹದಿನಾಲ್ಕು ಜನರೂ ಹಾಗೆಯೇ ಹೇಳಿ ತಪ್ಪಿಸಿಕೊಂಡರು. ನೀವು ತಗೊಳ್ಳಿ. ಕೈಗೆ ಕೂತರೆ ನಾಲ್ಕನೆಯ ಕುರ್ಚಿ ನಿಮ್ಮದು."

ಷರತ್ತು ಸ್ಪಷ್ಟವಾಗಿತ್ತು. ಹೊರಗಿನವರು ಅಭ್ಯಾಸಕ್ಕೆ ಬರಬಹುದು. ಸಂಗೀತ ಕಛೇರಿಗೆ ಮೊದಲು ಒಂದು ಪರೀಕ್ಷೆ. ಪಾಸಾದರೆ ವೇದಿಕೆಯ ಮೇಲೆ, ಇಲ್ಲದಿದ್ದರೆ ಪ್ರೇಕ್ಷಕರ ಸಾಲಿನಲ್ಲಿ.

ವಯೋಲಾ ನೋಡಲು ವಯೊಲಿನ್ನಿನ ಹಾಗೆಯೇ. ಸ್ವಲ್ಪ ದೊಡ್ಡದು, ಸ್ವರ ತಗ್ಗಿನದು. ತೊಂದರೆ ವಾದ್ಯದ್ದಲ್ಲ, ಓದುವುದರದ್ದು. ಅದರ ಸಂಗೀತವನ್ನು ಬೇರೆ ಕ್ಲೆಫ್‌ನಲ್ಲಿ ಬರೆಯುತ್ತಾರೆ, ಅಂದರೆ ಗೆರೆಗಳ ಮೇಲಿನ ಚುಕ್ಕೆ ಇದ್ದಲ್ಲೇ ಇರುತ್ತದೆ, ಅದು ಸೂಚಿಸುವ ಸ್ವರ ಮಾತ್ರ ಬೇರೆ. ಕನ್ನಡದ ಅಕ್ಷರಗಳೆಲ್ಲ ಹಾಗೇ ಇದ್ದು, ಕ ಎಂದು ಬರೆದಲ್ಲಿ ಖ ಎಂದೂ, ಖ ಎಂದು ಬರೆದಲ್ಲಿ ಗ ಎಂದೂ ಓದಬೇಕೆಂದು ಒಂದು ಬೆಳಿಗ್ಗೆ ಆಜ್ಞೆ ಬಂದರೆ ಹೇಗೋ ಹಾಗೆ. ಮೂವತ್ತು ವರ್ಷ ಓದಿದ್ದು ಅಡ್ಡ ಬರುತ್ತದೆ.

ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ನನ್ನ ಗಂಡ ಚಾ ಕುಡಿಯುತ್ತಿದ್ದರು. ಅವರು ಶುಐಬಾದ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಏನು ತಂದರೂ ಮೊದಲು ಅದರಿಂದ ಆಗಬಹುದಾದ ಅಪಾಯ ನೋಡುತ್ತಾರೆ.

"ಇದೆಂತ, ವಯೊಲಿನ್‌ಗೆ ಬಾವು ಬಂದದ್ದಾ?"

"ವಯೋಲಾ."

"ಕೆಳಗಿನ ಮನೆಯವರಿಗೆ ಹೇಳಿದ್ದೀಯಾ?"

"ಎಂತ ಹೇಳಬೇಕು?"

"ಇಷ್ಟು ವರ್ಷ ಸಣ್ಣದು ಸಹಿಸಿಕೊಂಡ್ರು ಪಾಪ. ಈಗ ಸೈಜು ಜಾಸ್ತಿ ಆಗಿದೆ ಅಂತ."

ಸಂಜೆಯ ಪಾಳಿ ಬಿಟ್ಟು ಬೆಳಗಿನ ಪಾಳಿಗೆ ಹಾಕಿಸಿಕೊಂಡೆ. ಮಂಗಳವಾರ ಮತ್ತು ಶನಿವಾರ ಸಂಜೆ ಅಭ್ಯಾಸ. ವಯೋಲಾ ಸಾಲಿನ ನಾಯಕಿ ಮೂರನೆಯ ವರ್ಷದ ಇಂಜಿನಿಯರಿಂಗ್ ಓದುವ ಇಪ್ಪತ್ತರ ಹುಡುಗಿ. ಕುವೈತಿನಲ್ಲೇ ಹುಟ್ಟಿದವಳು, ಬಂಟ್ವಾಳ ಕಡೆಯ ಬ್ಯಾರಿ ಮನೆತನ. ಶಾಲೆಯಲ್ಲಿ ವಾದ್ಯ ಹಂಚುವ ದಿನ ಜ್ವರ ಬಂದು ಮಲಗಿದ್ದಳಂತೆ. ಮರುದಿನ ಹೋದಾಗ ಉಳಿದದ್ದು ವಯೋಲಾ ಒಂದೇ. ಮನೆಯಲ್ಲಿ ಬ್ಯಾರಿ, ಹೊರಗೆ ಇಂಗ್ಲಿಷ್. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುವಳು. ಮೊದಲ ದಿನವೇ ನನ್ನ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದು, "ಆಂಟಿ, ನಿಮ್ಮ ಎಲ್ಬೋ ಎಲ್ಲರಿಗೂ ಹೊಡೀತದೆ. ಇದು ಕ್ವಾಯರ್ ಅಲ್ಲ," ಎಂದಳು. ನನಗೆ ಆಜ್ಞೆ ಕೊಡುವವರಲ್ಲಿ ಇಷ್ಟು ಚಿಕ್ಕವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಹೇಳಿದ್ದು ಸರಿಯಿತ್ತು.

ಹಾಳೆ ಇಡುವ ಒಂದು ಸ್ಟ್ಯಾಂಡಿಗೆ ಇಬ್ಬರು. ಮುಂದಿನ ಸ್ಟ್ಯಾಂಡಿನಲ್ಲಿ ಅವಳೂ ಲೆಬನಾನಿನ ಒಬ್ಬ ವಿದ್ಯಾರ್ಥಿಯೂ. ಹಿಂದಿನದರಲ್ಲಿ ವೈದ್ಯಕೀಯ ಓದುವ ಕುವೈತಿ ಹುಡುಗಿಯೂ ನಾನೂ. ಆಕೆಗೆ ಸದಾ ಪರೀಕ್ಷೆ. ಹೆಚ್ಚಿನ ದಿನ ಸ್ಟ್ಯಾಂಡಿನ ಮೇಲಿನ ಹಾಳೆಗಳಿಗೆ ನಾನೊಬ್ಬಳೇ ವಾರಸುದಾರಳು, ಮನೆಗೂ ನಾನೇ ಒಯ್ಯುತ್ತಿದ್ದೆ.

ಆ ಹಾಳೆಗಳ ವಿಷಯ ಹೇಳಬೇಕು. ನಾವು ನುಡಿಸಬೇಕಾಗಿದ್ದದ್ದು ನಾಲ್ಕು ಭಾಗಗಳ ಒಂದು ಸಿಂಫನಿ. ನಿರ್ದೇಶಕರ ಮುಂದಿರುವ ದೊಡ್ಡ ಪುಸ್ತಕದಲ್ಲಿ ಎಲ್ಲ ವಾದ್ಯಗಳ ಸಾಲುಗಳೂ ಒಂದರ ಕೆಳಗೊಂದು ಇರುತ್ತವೆ. ಅದಕ್ಕೆ ಸ್ಕೋರ್ ಎನ್ನುತ್ತಾರೆ. ವಾದಕರಿಗೆ ಕೊಡುವುದು ತಮ್ಮ ತಮ್ಮ ಸಾಲನ್ನು ಮಾತ್ರ ಬಿಡಿಸಿ ಅಚ್ಚು ಹಾಕಿದ ಹಾಳೆಗಳನ್ನು. ನಮ್ಮವು ವಿಶ್ವವಿದ್ಯಾಲಯದ ಗ್ರಂಥಾಲಯದವು, ಹಳೆಯವು, ದಪ್ಪ ಕಾಗದದವು. ಹಿಂದೆ ನುಡಿಸಿದವರು ಪೆನ್ಸಿಲಿನಲ್ಲಿ ಗುರುತು ಮಾಡಿ, ಅಳಿಸಿ, ಮತ್ತೆ ಗುರುತು ಮಾಡಿ ಕಾಗದದ ಮೇಲ್ಮೈ ಅಲ್ಲಲ್ಲಿ ನಯವಾಗಿತ್ತು.

ಎರಡನೆಯ ಭಾಗ ನಿಧಾನಗತಿಯದು. ಅದರ ನಡುವೆ ವಯೋಲಾಗಳು ಪೂರ್ತಿ ಸುಮ್ಮನಾಗುತ್ತವೆ, ಆಮೇಲೆ ತಾವೇ ಹೊಸ ರಾಗವೊಂದನ್ನು ಎತ್ತಿಕೊಳ್ಳುತ್ತವೆ. ಇಡೀ ಸಿಂಫನಿಯಲ್ಲಿ ನಮ್ಮ ಸಾಲಿಗೆ ಇಂಥ ಜಾಗ ಇದೊಂದೇ. ಉಳಿದಂತೆ ನಾವು ಬೇರೆಯವರ ರಾಗಕ್ಕೆ ಕೆಳಗಿನಿಂದ ಹೆಗಲು ಕೊಡುವವರು. ನಾನು ಆ ರಾಗವನ್ನು ತಪ್ಪಿಲ್ಲದೆ ನುಡಿಸಲೇಬೇಕೆಂದು ಒಂದು ಶುಕ್ರವಾರ ಪೂಜೆಯಿಂದ ಬಂದವಳೇ ಊಟದ ಮೇಜಿನ ಮೇಲೆ ಹಾಳೆ ಹರಡಿ, ಪ್ರತಿ ಚುಕ್ಕೆಯ ಕೆಳಗೂ ಸ್ವರದ ಹೆಸರು ಬರೆದೆ. ಕನ್ನಡದಲ್ಲಿ. ಕೈಗೆ ಸಿಕ್ಕಿದ ಪೆನ್ನಿನಲ್ಲಿ. ನನ್ನ ಕೈಗೆ ಸಿಗುವ ಪೆನ್ನು ಇಪ್ಪತ್ತು ವರ್ಷದಿಂದ ಒಂದೇ ಬಣ್ಣದ್ದು. ಪತ್ರಿಕಾ ಕಚೇರಿಯಲ್ಲಿ ಪುಟದ ಕರಡನ್ನು ಕೆಂಪು ಶಾಯಿಯಲ್ಲೇ ತಿದ್ದುತ್ತೇವೆ. ನಮ್ಮಲ್ಲಿ ಪೆನ್ಸಿಲಿನ ತಿದ್ದುಪಡಿ ತಿದ್ದುಪಡಿಯೇ ಅಲ್ಲ. ಯಾರು ಬೇಕಾದರೂ ಅಳಿಸಬಹುದು.

ಮರುದಿನ ಅಭ್ಯಾಸದಲ್ಲಿ ನಿಧಾನಗತಿಯ ಭಾಗ ಬಂತು. ನಮ್ಮ ಹಾಳೆಯಲ್ಲಿ ಮೌನದ ಜಾಗದಲ್ಲಿ ಒಂದು ದಪ್ಪ ಗೆರೆ, ಅದರ ಮೇಲೆ ಹದಿನೇಳು ಎಂಬ ಅಂಕಿ. ಹದಿನೇಳು ಬಾರ್‌ಗಳ ವಿರಾಮ. ಬಾರ್ ಎಂದರೆ ಎರಡು ನಿಂತ ಗೆರೆಗಳ ನಡುವಿನ, ತಾಳದ ಒಂದು ಮನೆ. ನಾನು ತೊಡೆಯ ಮೇಲೆ ಬೆರಳು ಒತ್ತಿ ಎಣಿಸಿದೆ. ಹದಿನೇಳು ಮುಗಿಯಿತು. ಕಮಾನು ಇಟ್ಟು ಎಳೆದೆ.

ನಾನೊಬ್ಬಳೇ ಎಳೆದಿದ್ದೆ. ದೊಡ್ಡ ಸಭಾಂಗಣದಲ್ಲಿ ಕೊಳಲಿನ ಸಣ್ಣ ದನಿಯ ಮೇಲೆ ನನ್ನ ಸ್ವರ ಒಂದು ಪಾತ್ರೆ ಉರುಳಿದಂತೆ ಬಿತ್ತು. ಪಕ್ಕದಲ್ಲಿ, ನೆಲಕ್ಕೆ ಊರಿ ನುಡಿಸುವ ಚೆಲ್ಲೋಗಳ ಸಾಲಿನಲ್ಲಿ ನಗು. ಯಾರೋ ಇಂಗ್ಲಿಷಿನಲ್ಲಿ ಹೇಳಿದರು: "ವಯೋಲಾದವರಿಗೆ ಹತ್ತರ ತನಕ ಮಾತ್ರ ಎಣಿಸಲು ಬರುವುದು."

ಪ್ರೊಫೆಸರ್ ಕೈ ಇಳಿಸಿ ನಮ್ಮ ಸಾಲಿಗೆ ನಡೆದು ಬಂದರು.

"ಮೇಡಂ, ನೀವು ಎಣಿಸುತ್ತಿದ್ದೀರಾ, ಊಹಿಸುತ್ತಿದ್ದೀರಾ?"

"ಎಣಿಸುತ್ತಿದ್ದೆ."

ಅವರು ನನ್ನ ಸ್ಟ್ಯಾಂಡಿನ ಹಾಳೆ ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತು ನೋಡಿದರು. ಅರವತ್ತು ಜನ ಕಾಯುತ್ತಿದ್ದರು.

"ಇದು ಏನು?"

"ಸ್ವರಗಳ ಹೆಸರು."

"ಯಾವ ಲಿಪಿ?"

"ಕನ್ನಡ."

"ಚೆನ್ನಾಗಿದೆ, ಗುಂಡಗೆ. ಪೆನ್ಸಿಲ್ ತಾನೆ?" ಎಂದು ಹೆಬ್ಬೆರಳಿನಿಂದ ಉಜ್ಜಿದರು. ಹೆಬ್ಬೆರಳು ಕೆಂಪಾಗಲಿಲ್ಲ, ಶಾಯಿ ಒಣಗಿ ಒಂದು ದಿನವಾಗಿತ್ತು. "ಖಲಾಸ್," ಎಂದರು ಮೆಲ್ಲಗೆ, ತಮಗೇ ಎಂಬಂತೆ.

ಆರ್ಕೆಸ್ಟ್ರಾದ ಹಾಳೆಯ ಮೇಲೆ ಮೆತ್ತನೆಯ ಪೆನ್ಸಿಲ್ ಬಿಟ್ಟು ಬೇರೇನೂ ತಾಗಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಮುಂದಿನ ವಾದಕ ಅಳಿಸಿ ತನ್ನದನ್ನು ಬರೆಯಬೇಕು. ಆ ನಿಯಮ ಯಾರೂ ನನಗೆ ಹೇಳಿರಲಿಲ್ಲ, ಯಾಕೆಂದರೆ ಅದನ್ನು ಹೇಳಿಸಿಕೊಳ್ಳಬೇಕಾದವರು ಒಬ್ಬರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಪ್ರೊಫೆಸರ್ ತೀರ್ಪು ಕೊಟ್ಟರು: ಎರಡನೆಯ ಭಾಗದ ವಯೋಲಾ ಸಾಲನ್ನು ನಾನು ಕೈಯಲ್ಲಿ ಹೊಸದಾಗಿ ಪ್ರತಿ ಮಾಡಿ ಮುಂದಿನ ಶನಿವಾರ ತರಬೇಕು. ನನ್ನ ಪರೀಕ್ಷೆ ಅದರ ಮುಂದಿನ ಮಂಗಳವಾರ. "ಎಣಿಕೆಯಿಂದಲೇ ಶುರುಮಾಡೋಣ," ಎಂದು ಸೇರಿಸಿದರು. ಚೆಲ್ಲೋಗಳು ಮತ್ತೆ ನಕ್ಕವು.

ಅಭ್ಯಾಸ ಮುಗಿದ ಮೇಲೆ ನಾಯಕಿ ನನ್ನ ಹತ್ತಿರ ಬಂದಳು.

"ಆಂಟಿ, ಯಾಕೆ ಕೌಂಟ್ ಮಾಡಿದ್ರಿ?"

"ಮತ್ತೆ ಎಂತ ಮಾಡಬೇಕು?"

"ನನ್ನನ್ನ ನೋಡಿ. ನಾನು ಪ್ರೊಫೆಸರ್ ಫೇಸ್ ನೋಡ್ತೇನೆ, ದೆನ್ ತಲೆ ಆಡಿಸ್ತೇನೆ, ಆಗ ಬನ್ನಿ."

"ನೀನು ಎಣಿಸುವುದಿಲ್ವಾ?"

"ಎಣಿಸ್ತಿದ್ದೆ. ಲಾಸ್ಟ್ ಇಯರ್ ಸೇಮ್ ಸಿಂಫನಿ. ಕಾನ್ಸರ್ಟ್‌ನಲ್ಲಿ ಎಣಿಸಿಯೇ ಬಂದದ್ದು, ನಾವು ಮೂವರೂ. ಟೂ ಅರ್ಲಿ. ಡ್ಯಾಡಿ ವೀಡಿಯೋ ತೆಗೆದಿದ್ರು. ಹೋಲ್ ಫ್ಯಾಮಿಲಿ ನೋಡಿ ಆಗಿದೆ." ಅವಳು ವಯೋಲಾವನ್ನು ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸಿದಳು. "ಅದರ ಮೇಲೆ ನನಗೆ ನನ್ನ ಎಣಿಕೆ ಮೇಲೆ ನಂಬಿಕೆ ಇಲ್ಲ ಆಂಟಿ. ಆರ್ಗ್ಯೂ ಮಾಡ್ಬೇಡಿ, ಪ್ಲೀಸ್."

ಗೆರೆ ಹಾಕಿದ ಸಂಗೀತದ ಕಾಗದ ಹುಡುಕಿ ಮಿರ್ಕಾಬ್ ಪೇಟೆಗೆ ಹೋದೆ. ನಾಯಕಿಯ ತಂದೆಯ ಗಡಿಯಾರದ ಅಂಗಡಿ ಅಲ್ಲಿಯೇ ಎಂದು ಗೊತ್ತಿತ್ತು. ಅಂಗಡಿಯ ಹೆಸರು ನೋಡಿ ಒಳಗೆ ಹೋಗಿ ಪರಿಚಯ ಹೇಳಿದೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಅವರು ನನ್ನನ್ನು ನೋಡಿದರು.

"ಓ, ಪೇಪರಿನ ಬಾಯಮ್ಮ. ಲೈಬ್ರರಿಯ ಪುಸ್ತಕಕ್ಕೆ ಕೆಂಪು ಶಾಯಿ ಹಾಕಿದವರು," ಎಂದರು, ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆಯೇ.

"ಸುದ್ದಿ ಬಂತಾ ಭಾಯಿ?"

"ನಿಮ್ಮ ಪೇಪರಿಗಿಂತ ಬೇಗ ಬಂತು." ಆಳನ್ನು ಕಳುಹಿಸಿ ಪಕ್ಕದ ಅಂಗಡಿಯಿಂದ ಕಾಗದ ತರಿಸಿದರು, ಚಾ ತರಿಸಿದರು. ಆಮೇಲೆ ಮಾತು ಅವರಿಗೇ ಬೇಕಾದ ಕಡೆಗೆ ಹೋಯಿತು. "ಕಳೆದ ವರ್ಷ ನಮ್ಮವರು ಮೂವತ್ತು ಜನ ಬಂದಿದ್ರು ನೋಡ್ಲಿಕ್ಕೆ. ಅವಳು ತಪ್ಪಿದ್ದು ನಮಗೆಲ್ಲಿ ಗೊತ್ತಾಗ್ತದೆ, ಅವಳೇ ಅತ್ತುಕೊಂಡು ಹೇಳಿದ್ದು. ಆಮೇಲೆ ನನ್ನ ಭಾವ ಒಬ್ಬ ಉಂಟು, ಇಲ್ಲಿಯೇ. 'ವಾಚ್ ರಿಪೇರಿಯವನ ಮಗಳಿಗೆ ಟೈಮ್ ಗೊತ್ತಿಲ್ವಾ' ಅಂತ. ತಮಾಷೆಗೆ ಹೇಳಿದ್ದು. ಒಂದು ವರ್ಷ ಆಯ್ತು, ಇನ್ನೂ ತಮಾಷೆ ಮುಗಿದಿಲ್ಲ."

ಗ್ರಂಥಾಲಯದಲ್ಲಿ ಸಂಗೀತದ ವಿಭಾಗ ಎರಡನೆಯ ಮಹಡಿಯಲ್ಲಿ. ಬೆಳಗಿನ ಪಾಳಿ ಮುಗಿಸಿ ಮೂರು ಮಧ್ಯಾಹ್ನ ಅಲ್ಲಿ ಕುಳಿತೆ. ನಾನು ಪ್ರತಿ ಮಾಡಲು ನಮ್ಮ ಹಾಳೆಯನ್ನು ಬಳಸಲಿಲ್ಲ, ಸ್ಕೋರ್ ಕೇಳಿ ತೆಗೆದುಕೊಂಡೆ. ಇದರಲ್ಲಿ ಜಾಣತನವೇನೂ ಇಲ್ಲ, ವೃತ್ತಿಯ ಅಭ್ಯಾಸ. ಪ್ರತಿಯಿಂದ ಪ್ರತಿ ಮಾಡಬೇಡ, ಮೂಲಕ್ಕೆ ಹೋಗು ಎಂದು ನನಗೆ ಕಲಿಸಿದ ಮುಖ್ಯ ಉಪಸಂಪಾದಕರು ಈಗ ಇಲ್ಲ. ಅವರ ಮಾತನ್ನು ಮೀರುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮೊದಲ ಮಧ್ಯಾಹ್ನ ಗಂಟೆಗೆ ಹತ್ತು ಬಾರ್ ಸಾಗಿತು. ಪ್ರತಿ ಚುಕ್ಕೆಯನ್ನೂ ಅದರ ಹೊಸ ಹೆಸರಿನಿಂದ ಮನಸ್ಸಿನಲ್ಲೇ ಕರೆದು ಬರೆದೆ. ಎರಡನೆಯ ದಿನ ಕರೆಯುವ ಅಗತ್ಯ ಕಡಿಮೆಯಾಯಿತು. ಮೂರನೆಯ ದಿನ ನನಗೆ ತಿಳಿಯದೆಯೇ ಬೆರಳುಗಳು ಮೇಜಿನ ಅಂಚಿನಲ್ಲಿ ಸ್ವರ ಒತ್ತುತ್ತಿದ್ದವು. ಓದಲು ಬಾರದ್ದು ಬರೆಯುವುದರಿಂದ ಬಂತು. ಒಂದನೆಯ ತರಗತಿಯಲ್ಲೂ ಹೀಗೆಯೇ ಅಲ್ಲವೇ ಆದದ್ದು.

ಆ ಮೂರನೆಯ ದಿನವೇ ಮೌನದ ಜಾಗಕ್ಕೆ ಬಂದೆ. ಸ್ಕೋರ್‌ನಲ್ಲಿ ದಪ್ಪ ಗೆರೆ ಇರುವುದಿಲ್ಲ. ಬೇರೆ ವಾದ್ಯಗಳು ನುಡಿಯುತ್ತಿರುವಾಗ ವಯೋಲಾ ಸಾಲಿನ ಮನೆಗಳು ಒಂದೊಂದಾಗಿ ಖಾಲಿ ನಿಂತಿರುತ್ತವೆ. ಎಣಿಸಿದೆ. ಹದಿನೆಂಟು. ಪುಟ ತಿರುವುವಲ್ಲಿ ಒಂದನ್ನು ಎರಡು ಸಲ ಎಣಿಸಿರಬಹುದೆಂದು ಮತ್ತೆ ಎಣಿಸಿದೆ. ಹದಿನೆಂಟು. ಸ್ಕೋರ್‌ನಲ್ಲಿ ಪ್ರತಿ ಪುಟದ ಮೊದಲ ಬಾರ್‌ಗೆ ಕ್ರಮಸಂಖ್ಯೆ ಅಚ್ಚಾಗಿರುತ್ತದೆ. ಮೂರನೆಯ ಸಲ ಆ ಸಂಖ್ಯೆಗಳನ್ನು ಕಳೆದು ನೋಡಿದೆ. ಹದಿನೆಂಟು.

ಅಂದರೆ ಹಾಳೆ ಅಚ್ಚು ಹಾಕಿದವರು ಯಾವ ಕಾಲದಲ್ಲೋ ಒಂದು ಬಾರ್ ಕಡಿಮೆ ಎಣಿಸಿದ್ದರು. ಆ ಹಾಳೆ ನೋಡಿ ಸರಿಯಾಗಿ ಎಣಿಸಿದವರೆಲ್ಲರೂ ತಪ್ಪು ಜಾಗದಲ್ಲಿ ಬಂದಿದ್ದರು. ಎಣಿಸುವುದು ಬಿಟ್ಟು ತಲೆ ಆಡಿಸುವುದನ್ನು ಕಾದವರು ಸರಿಯಾಗಿ ಬಂದಿದ್ದರು. ಇಷ್ಟು ವರ್ಷ ಯಾರೂ ಹಾಳೆಯನ್ನು ಅನುಮಾನಿಸಿರಲಿಲ್ಲ. ಕಾರಣ ಕಷ್ಟದ್ದಲ್ಲ: ವಯೋಲಾದವರಿಗೆ ಎಣಿಸಲು ಬರುವುದಿಲ್ಲ ಎಂಬ ಜೋಕು ಎಲ್ಲರಿಗೂ ಮೊದಲೇ ಗೊತ್ತಿತ್ತು. ಪತ್ರಿಕೆಯಲ್ಲಿ ಕೂಡ ಅತಿ ಹೆಚ್ಚು ದಿನ ಬದುಕುವ ತಪ್ಪು ಇದೇ ಜಾತಿಯದು. ಓದುಗ ಮೊದಲೇ ನಂಬಿದ್ದಕ್ಕೆ ಹೊಂದುವ ತಪ್ಪು.

ನಾಯಕಿಗೆ ಫೋನ್ ಮಾಡಿದೆ. ಕ್ಲಾಸಿನಿಂದ ನೇರ ಗ್ರಂಥಾಲಯಕ್ಕೆ ಬಂದಳು. ನಾನು ಏನೂ ವಿವರಿಸಲಿಲ್ಲ. ಸ್ಕೋರ್ ಮುಂದಿಟ್ಟು, "ಎಣಿಸು," ಎಂದೆ. ಅವಳು ಎಣಿಸಿದಳು, ನಿಲ್ಲಿಸಿದಳು, ಮತ್ತೆ ಎಣಿಸಿದಳು. ಆಮೇಲೆ ಫೋನ್ ತೆಗೆದು, ಕಿವಿಗೆ ವೈರ್ ಸಿಕ್ಕಿಸಿಕೊಂಡು ಕಳೆದ ವರ್ಷದ ವೀಡಿಯೋ ಹಾಕಿದಳು. ತುಟಿ ಅಲ್ಲಾಡುತ್ತಿತ್ತು.

"ಸೆವೆಂಟೀನ್," ಎಂದಳು. "ವಿ ಕೇಮ್ ಎಕ್ಸಾಕ್ಟ್ಲಿ ಆಫ್ಟರ್ ಸೆವೆಂಟೀನ್. ಆಂಟಿ, ಅಂದ್ರೆ ನಾನು ಕರೆಕ್ಟ್ ಇದ್ನಾ?"

"ಹಾಳೆಯ ಪ್ರಕಾರ ಸರಿ. ಸಿಂಫನಿಯ ಪ್ರಕಾರ ತಪ್ಪು."

"ನನ್ನ ಪ್ರಕಾರ?"

"ನಿನ್ನ ಎಣಿಕೆ ಸರಿ."

ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ಮೂಗು ಒರೆಸಿಕೊಂಡು, ವ್ಯವಹಾರದ ದನಿಯಲ್ಲಿ ಮಾತಾಡಿದಳು. "ಓಕೆ. ಈಗ ನಮಗೆ ಗೊತ್ತಾಯ್ತು. ನಾವು ನಾಲ್ವರೂ ಎಯ್ಟೀನ್ ಎಣಿಸೋಣ. ಪ್ರೊಫೆಸರ್‌ಗೆ ಹೇಳೋದು ಬೇಡ."

"ಯಾಕೆ?"

"ಮಂಗಳವಾರ ನಿಮ್ಮ ಟೆಸ್ಟ್. ಅವರು ಎಷ್ಟು ವರ್ಷದಿಂದ ಸ್ಕೋರ್ ನೋಡ್ತಾ ಇದ್ದಾರೆ. ನೀವು ಬಂದು ಟೂ ಮಂತ್ಸ್ ಆಯ್ತು. ರೆಡ್ ಪೆನ್ ಬೇರೆ. ಈಗ ನೀವು ಹೋಗಿ 'ಸರ್, ಯು ಮಿಸ್ಡ್ ಇಟ್' ಅಂದ್ರೆ ಏನಾಗ್ತದೆ ಹೇಳಿ."

ಅವಳ ವಾದದಲ್ಲಿ ಹುರುಳಿತ್ತು. ನಾನು ಒಂದು ದಿನ ಪೂರ್ತಿ ಯೋಚಿಸಿದೆ. ಕುರ್ಚಿ ನನಗೆ ಬೇಕಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷ ಬೇರೆಯವರ ವಾಕ್ಯ ತಿದ್ದಿದವಳಿಗೆ, ಅರವತ್ತು ಜನರ ನಡುವೆ ಕುಳಿತು ತನ್ನದೊಂದು ಸಾಲು ನುಡಿಸುವ ಆಸೆ ಸಣ್ಣದಲ್ಲ. ಆದರೆ ನಾವು ಸುಮ್ಮನಿದ್ದರೆ ಹಾಳೆ ಕಪಾಟಿಗೆ ವಾಪಸು ಹೋಗುತ್ತದೆ. ಇನ್ನೊಂದು ವರ್ಷ ಇನ್ಯಾರೋ ಸರಿಯಾಗಿ ಎಣಿಸಿ ನಗೆಪಾಟಲಾಗುತ್ತಾರೆ. ಗೊತ್ತಿರುವ ತಪ್ಪನ್ನು ಅಚ್ಚಿಗೆ ಬಿಡುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ. ಗಂಡನಿಗೆ ಹೇಳಿದೆ.

"ಕಾರ್ಖಾನೆಯಲ್ಲಿ ಮೀಟರ್ ತಪ್ಪು ತೋರಿಸ್ತಿದ್ರೆ ನಾನು ಮ್ಯಾನೇಜರ್‌ನ ಮೂಡ್ ನೋಡ್ಲಿಕ್ಕೆ ಹೋಗುದಿಲ್ಲ," ಎಂದರು. ಆಮೇಲೆ, "ಕುರ್ಚಿ ಹೋದ್ರೆ ಒಂದು ಲಾಭ ಉಂಟು, ಕೆಳಗಿನ ಮನೆಯವರು ಖುಷಿಗೆ ಚರ್ಚಿನಲ್ಲಿ ಪೂಜೆ ಕೊಡಿಸ್ತಾರೆ."

ಶನಿವಾರ ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲು ಪ್ರೊಫೆಸರ್ ಕೋಣೆಗೆ ಹೋದೆ. ನಾಯಕಿಯೂ ಬಂದಳು, ಬೇಡವೆಂದವಳು ಬಾಗಿಲ ಬಳಿ ನನಗಿಂತ ಮೊದಲೇ ನಿಂತಿದ್ದಳು. ನಾನು ಕೈಪ್ರತಿಯನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಹಳೆಯ ಹಾಳೆ ಇಟ್ಟೆ. "ಹಾಳೆಯಲ್ಲಿ ಹದಿನೇಳು ಇದೆ. ಸ್ಕೋರ್‌ನಲ್ಲಿ ಹದಿನೆಂಟು. ನನ್ನ ಪ್ರತಿಯಲ್ಲಿ ಹದಿನೆಂಟು ಬರೆದಿದ್ದೇನೆ. ದಯವಿಟ್ಟು ನೋಡಿ," ಎಂದೆ. ವಿಶೇಷಣ ಒಂದೂ ಸೇರಿಸಲಿಲ್ಲ.

ಅವರು ತಮ್ಮ ಸ್ಕೋರ್ ತೆರೆದು ಪೆನ್ಸಿಲಿನ ಹಿಂಬದಿಯಿಂದ ಮನೆ ಮನೆ ಮುಟ್ಟುತ್ತಾ ಅರಬಿಯಲ್ಲಿ ಎಣಿಸಿದರು. ವಾಹಿದ್, ಇತ್ನೇನ್, ತಲಾತಾ. ಕೊನೆಗೆ ಬಂದು ನಿಲ್ಲಿಸಿದರು. ಇನ್ನೊಮ್ಮೆ ಶುರುವಿನಿಂದ ಎಣಿಸಿದರು. ನಂತರ ನಾಯಕಿಯ ಕಡೆ ನೋಡಿದರು.

"ಕಳೆದ ವರ್ಷ ನಾನು ನಿನ್ನ ಮೇಲೆ ಕೂಗಿದ್ದೆ."

"ಯೆಸ್, ಸರ್."

"ಎಲ್ಲರ ಎದುರು."

"ಯೆಸ್, ಸರ್."

"ಯಲ್ಲಾ, ಬಾ," ಎಂದು ಅರಬಿಯಲ್ಲಿ ಅವಸರಿಸಿ ಎದ್ದರು.

ಸಭಾಂಗಣದಲ್ಲಿ ಅವರು ವೇದಿಕೆ ಹತ್ತಿ ವಾದ್ಯಗಳೆಲ್ಲ ಸುಮ್ಮನಾಗುವವರೆಗೆ ಕಾದರು. "ಎರಡನೆಯ ಭಾಗದಲ್ಲಿ ವಯೋಲಾಗಳು ಬೇಗ ಬರುತ್ತಿದ್ದದ್ದು ಹಾಳೆಯ ತಪ್ಪಿನಿಂದ. ಕಳೆದ ವರ್ಷವೂ ಹಾಗೆಯೇ. ಅವರು ಅಚ್ಚಾದದ್ದನ್ನು ಸರಿಯಾಗಿ ಎಣಿಸಿದ್ದರು. ಸ್ಕೋರ್ ನನ್ನ ಕಣ್ಣೆದುರಿಗೇ ಇತ್ತು, ನಾನು ಎಣಿಸಿರಲಿಲ್ಲ. ಎಲ್ಲರ ಎದುರು ಬೈದದ್ದರಿಂದ ಎಲ್ಲರ ಎದುರೇ ಹೇಳುತ್ತಿದ್ದೇನೆ." ಅಷ್ಟೇ ಹೇಳಿದರು. ಬಳಿಕ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮುಂದಿನ ಸ್ಟ್ಯಾಂಡಿನ ಹಾಳೆಯಲ್ಲಿ ಹದಿನೇಳನ್ನು ಹೊಡೆದು ಹದಿನೆಂಟು ಎಂದು ತಾವೇ ಬರೆದರು. ನನ್ನ ಪತ್ರಿಕಾ ಜೀವನದಲ್ಲಿ ಇಷ್ಟು ಚೊಕ್ಕವಾದ ತಿದ್ದೋಲೆ ನಾನು ನೋಡಿಲ್ಲ.

ನನ್ನ ಸ್ಟ್ಯಾಂಡಿನ ಪಕ್ಕ ಹಾಯುವಾಗ ಮೆಲ್ಲಗೆ, "ಪರೀಕ್ಷೆ ಮಂಗಳವಾರವೇ," ಎಂದರು. "ತಪ್ಪು ಹಿಡಿಯುವುದು ಬೇರೆ, ನುಡಿಸುವುದು ಬೇರೆ."

ಮಂಗಳವಾರ ಅವರು ಪಿಯಾನೋದ ಮುಂದೆ ಕುಳಿತಿದ್ದರು. ನಾಯಕಿ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಒಂದು ಪಟ್ಟಿ ಪುಸ್ತಕ. ಅವರು ಕೈ ಆಡಿಸುವುದಿಲ್ಲ, ಅವಳು ತಲೆಯನ್ನೂ ಆಡಿಸುವುದಿಲ್ಲ. ಪ್ರೊಫೆಸರ್ ಪಿಯಾನೋದಲ್ಲಿ ಬೇರೆ ವಾದ್ಯಗಳ ಸಾರ ನುಡಿಸುತ್ತಾರೆ, ನನ್ನ ಜಾಗ ನಾನೇ ಹುಡುಕಿಕೊಂಡು ಬರಬೇಕು. ಹದಿನೆಂಟು ಎಣಿಸಿ ಕಮಾನು ಎಳೆದೆ. ಪಿಯಾನೋದ ಕೆಳಗಿನ ಸ್ವರವೂ ನನ್ನ ಸ್ವರವೂ ಒಂದೇ ಕ್ಷಣಕ್ಕೆ ಬಿದ್ದವು. ಎರಡನೆಯ ಪುಟದಲ್ಲಿ ಒಂದು ಕೋಮಲ ಸ್ವರದ ಬದಲು ಶುದ್ಧ ಸ್ವರ ನುಡಿಸಿ ತಪ್ಪಿದೆ, ಹಿಂದಿರುಗಿ ನೋಡದೆ ಮುಂದೆ ಹೋದೆ. ಮುಗಿಯಿತು.

ಪ್ರೊಫೆಸರ್ ಪಿಯಾನೋದ ಮುಚ್ಚಳ ಹಾಕಿ ನಾಯಕಿಗೆ ಹೇಳಿದರು, "ನಿನ್ನ ಸಾಲು. ನೀನು ಹೇಳು."

ಅವಳು ಪುಸ್ತಕ ನೋಡಿಯೇ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು. ಕೆಳಗಿನ ತಂತಿ ಶ್ರುತಿಯಲ್ಲಿ ಸ್ವಲ್ಪ ಇಳಿದಿದೆ. ಒಂದು ಸ್ವರ ತಪ್ಪಿದೆ. ಕಮಾನು ತಿರುಗಿಸುವುದು ಹೊರಗೆ ಕೇಳುತ್ತದೆ. ಲಯದಲ್ಲಿ ದೋಷವಿಲ್ಲ.

"ಹಾಗಾದರೆ?"

"ಫೋರ್ತ್ ಚೇರ್," ಎಂದಳು. ನನಗೆ ಅಭಿನಂದನೆ ಹೇಳುವ ಬದಲು ಎದ್ದು ಬಂದು ಮೊಣಕೈ ಹಿಡಿದಳು. "ಆಂಟಿ, ಕಾನ್ಸರ್ಟ್‌ಗೆ ಟೆನ್ ಡೇಸ್ ಉಂಟು. ಈ ಬೋ ಚೇಂಜ್ ಸರಿ ಮಾಡದೆ ನಾನು ಬಿಡೋದಿಲ್ಲ."

ಬಿಡಲಿಲ್ಲ. ಹತ್ತು ದಿನದಲ್ಲಿ ಆರು ಸಂಜೆ ನಾವು ನಾಲ್ವರೂ ಒಂದು ಖಾಲಿ ಕ್ಲಾಸ್‌ರೂಮಿನಲ್ಲಿ ಕೂತು ಆ ಒಂದು ರಾಗವನ್ನೇ ನುಡಿಸಿದೆವು. ವೈದ್ಯಕೀಯದ ಹುಡುಗಿ ಎರಡು ಪರೀಕ್ಷೆಗಳ ನಡುವೆ ಬಂದಳು.

ಕಛೇರಿಯ ದಿನ ವಿಶ್ವವಿದ್ಯಾಲಯದ ಸಭಾಂಗಣ ತುಂಬಿತ್ತು. ನನ್ನ ಗಂಡ ಕಾರ್ಖಾನೆಯ ಆರು ಮಂದಿಯನ್ನು ಕರೆತಂದು ಮಧ್ಯದ ಸಾಲಿನಲ್ಲಿ ಕೂರಿಸಿದ್ದರು. ಗಡಿಯಾರದ ಅಂಗಡಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎರಡನೆಯ ಸಾಲಿನ ತುದಿಯಲ್ಲಿದ್ದರು. ಪಕ್ಕದಲ್ಲಿದ್ದವರು ಆ ಭಾವನೇ ಇರಬೇಕು. ಮೊದಲ ಭಾಗ ಗಟ್ಟಿಯಾಗಿ ಮುಗಿದ ಕೂಡಲೇ ನನ್ನ ಗಂಡನ ಸಾಲು ಚಪ್ಪಾಳೆ ಹೊಡೆಯಿತು. ಸಿಂಫನಿಯ ನಾಲ್ಕೂ ಭಾಗ ಮುಗಿಯುವ ತನಕ ಚಪ್ಪಾಳೆ ಹೊಡೆಯಬಾರದೆಂಬ ಪದ್ಧತಿಯನ್ನು ಹೇಳಲು ನಾನು ಮರೆತಿದ್ದೆ. ಪ್ರೊಫೆಸರ್ ಹಿಂದಕ್ಕೆ ತಿರುಗಿ ನೋಡದೆ, ಎತ್ತಿದ ಕೈಯನ್ನು ಹಾಗೆಯೇ ಹಿಡಿದು, ಸದ್ದು 'ಶುಶ್' ಎನ್ನುವವರ ಕೈಯಲ್ಲಿ ಸಾಯುವವರೆಗೆ ಕಾದರು.

ಎರಡನೆಯ ಭಾಗ. ನಾವು ವಾದ್ಯಗಳನ್ನು ತೊಡೆಯ ಮೇಲೆ ಇಳಿಸಿದೆವು. ಕೊಳಲುಗಳು ಶುರುವಾದವು. ನಾಯಕಿಯ ತಲೆ ಅಲ್ಲಾಡುತ್ತಿರಲಿಲ್ಲ; ಪ್ರೊಫೆಸರ್ ನಮ್ಮ ಕಡೆ ನೋಡುತ್ತಲೂ ಇರಲಿಲ್ಲ, ಅವರು ಆ ಹೊತ್ತಿಗೆ ಪೂರ್ತಿ ಹಿಂದಿನ ತುತ್ತೂರಿಗಳ ಕಡೆ ತಿರುಗಿದ್ದರು. ಹದಿನಾರಕ್ಕೆ ನಾಲ್ಕು ವಯೋಲಾಗಳು ಒಟ್ಟಿಗೆ ಮೇಲೆದ್ದವು. ಹದಿನೇಳರಲ್ಲಿ ನಾಲ್ಕು ಕಮಾನುಗಳು ತಂತಿಯ ಮೇಲೆ ಕಾದು ನಿಂತವು. ಹದಿನೆಂಟನೆಯ ಆ ಒಂದು ಬಾರ್‌ನಲ್ಲಿ ಏನೂ ಮಾಡದೆ ಇರುವುದೇ ನಮ್ಮ ಕೆಲಸವಾಗಿತ್ತು, ಅದನ್ನು ಮಾಡಿದೆವು. ಹದಿನೆಂಟು ಮುಗಿಯಿತು. ನಾಲ್ಕು ಕಮಾನುಗಳು ಒಂದೇ ದಿಕ್ಕಿಗೆ ಹೊರಟವು, ನಾಲ್ಕು ಎಂದು ಕೇಳದಂತೆ.

ರಾಗ ಕೆಳಗಿನ ತಂತಿಯಿಂದ ಎದ್ದು ಸಭಾಂಗಣದ ಹಿಂದಿನ ಗೋಡೆಯವರೆಗೂ ಹೋಗಿ ಬಂದದ್ದನ್ನು ನಾನು ಕೇಳಿದೆ. ನನ್ನದು ಯಾವುದು, ಪಕ್ಕದವಳದು ಯಾವುದು ಎಂದು ತಿಳಿಯಲಿಲ್ಲ. ಪ್ರೊಫೆಸರ್ ಆಗ ನಮ್ಮ ಕಡೆ ತಿರುಗಿದರು, ಎಡಗೈಯನ್ನು ಸ್ವಲ್ಪ ತೆರೆದರು, ಇನ್ನೂ ಬೇಕು ಎಂಬಂತೆ. ಕೊಟ್ಟೆವು.

ನಾಲ್ಕನೆಯ ಭಾಗ ಮುಗಿದಾಗ ಚಪ್ಪಾಳೆಗೆ ಅಡ್ಡಿಯಿರಲಿಲ್ಲ. ಪ್ರೊಫೆಸರ್ ಬಾಗಿ ವಂದಿಸಿ, ಒಂದೊಂದು ಸಾಲನ್ನೂ ಎಬ್ಬಿಸಿ ನಿಲ್ಲಿಸಬೇಕು. ಸಾಮಾನ್ಯವಾಗಿ ಮೊದಲು ಕೊಳಲಿನವರು, ಆಮೇಲೆ ತುತ್ತೂರಿಯವರು. ವಯೋಲಾಗಳು ಕೊನೆಗೆ ಎಲ್ಲರ ಜೊತೆ ಏಳುವ ಪೈಕಿ. ಅವರು ಕೊಳಲುಗಳನ್ನು ದಾಟಿ ಕೈಯನ್ನು ನೇರ ನಮ್ಮ ಕಡೆ ಚಾಚಿದರು. ನಾನು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ.

ಅಷ್ಟರಲ್ಲಿ ಪಕ್ಕದಿಂದ ಟಕಟಕ ಎಂಬ ಸದ್ದು. ಚೆಲ್ಲೋದವರೆಲ್ಲ ಕಮಾನಿನ ತುದಿಯಿಂದ ತಮ್ಮ ಸ್ಟ್ಯಾಂಡುಗಳನ್ನು ತಟ್ಟುತ್ತಿದ್ದರು. ಏನಾದರೂ ಮುರಿಯಿತೇ ಎಂದುಕೊಂಡೆ.

"ದಟ್ಸ್ ಫಾರ್ ಅಸ್, ಆಂಟಿ," ಎಂದಳು ನಾಯಕಿ, ಮುಂದಿನ ಕುರ್ಚಿಯಿಂದ ಅರ್ಧ ತಿರುಗಿ. "ಆರ್ಕೆಸ್ಟ್ರಾದವರ ಚಪ್ಪಾಳೆ ಹೀಗೇ. ಏಳಿ, ಕಾಯ್ತಾ ಇದ್ದಾರೆ."

ನಾವು ನಾಲ್ವರೂ ಎದ್ದು ನಿಂತೆವು.